ದಡ್ಡಿಯ ಮೂಲೆ

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ಶಾಲೆಗೆ ಹೋದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ನಮ್ಮೂರು ಸಂಶಿ. ಮನೆಯಲ್ಲಿ ಅಜ್ಜಿ, ಅವ್ವ, ನಾನು. ಅಪ್ಪ ಕುರಿ ಕಾಯುವವನು, ಹಾಗಾಗಿ ಅವನನ್ನು ಮನೆಯವರ ಲೆಕ್ಕದಲ್ಲಿ ಹಿಡಿಯುವುದೋ ಬಿಡುವುದೋ ನಮಗೇ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಅಂಟಿ ಕುರಿಯ ಗೊರಸು ಕೊಳೆಯುತ್ತದೆಂದು ಮೂಡಲ ಕಡೆಯ ಗುಡ್ಡಗಳಿಗೆ ಹೊಡೆದುಕೊಂಡು ಹೋಗುತ್ತಿದ್ದ. ಸುಗ್ಗಿ ಮುಗಿದ ಮೇಲೆ ಪಡುವಲಕ್ಕೆ, ಕಲಘಟಗಿ ಸೀಮೆಯ ಭತ್ತದ ಹೊಲಗಳಿಗೆ. ನಡುವೆ ಮನೆಗೆ ಬಂದರೆ ಬೀಗರ ಹಾಗೆ ಕಟ್ಟೆಯ ಮೇಲೆ ಕೂತು ಉಂಡು ಎದ್ದು ಹೋಗುತ್ತಿದ್ದ. ಅಜ್ಜಿ ಅವನಿಗೆ ಬಿಸಿ ರೊಟ್ಟಿ ಹಾಕುತ್ತ, ಬೀಗರು ಸಾವಕಾಶ ಉಣ್ಣಲಿ ಎಂದು ಕಾಡುತ್ತಿದ್ದಳು.

ಆ ವರ್ಷದ ಮುಂಗಾರಿನಲ್ಲಿ ನನಗೆ ತಮ್ಮ ಹುಟ್ಟಿದ. ಚಳಿಗಾಲ ಬರುವ ಹೊತ್ತಿಗೆ, ಅಲ್ಲಿಯವರೆಗೆ ಅಪ್ಪನ ಜೊತೆ ಹಿಂಡು ಹೊಡೆಯುತ್ತಿದ್ದ ಕಾಕಾ ತನ್ನ ಪಾಲಿನ ಕುರಿ ಬೇರೆ ಮಾಡಿಕೊಂಡು ಹೋಗಿಬಿಟ್ಟ. ಒಬ್ಬನೇ ಹಿಂಡು ಹೊಡೆಯುವುದಾಗುವುದಿಲ್ಲ, ಆದ್ದರಿಂದ ಪಡುವಲಕ್ಕೆ ಹೋಗುವಾಗ ಅವ್ವ ಜೊತೆಗೆ ಹೊರಟಳು. ಅವ್ವ ಕುರಿಯ ಹಿಂದೆ ನಡೆದರೆ ಕೂಸನ್ನು ಎತ್ತಿಕೊಳ್ಳಲು ಒಬ್ಬರು ಬೇಕು. ಅದು ನಾನು. ಮಾಸ್ತರು ಪರೀಕ್ಷೆಗೆ ಬಂದು ಬರೆದರೆ ಸಾಕು ಎಂದರು. ನನಗೆ ಸಿಟ್ಟು ಬಂದಿತ್ತು. ಓದಿನ ಹುಚ್ಚಿನಿಂದಲ್ಲ, ಕಿಟಕಿಯ ಪಕ್ಕದ ನನ್ನ ಜಾಗದಲ್ಲಿ ಮತ್ತೊಬ್ಬಳು ಕೂರುತ್ತಾಳೆಂದು.

ಕುಂದಗೋಳ ದಾಟಿ, ಹುಬ್ಬಳ್ಳಿಯನ್ನು ಬಳಸಿ, ಹೊಲದ ದಾರಿಗಳಲ್ಲಿ ನಡೆದೆವು. ಕುರಿ ನಡೆದಷ್ಟೇ ನಮ್ಮ ಪ್ರಯಾಣ. ಕತ್ತೆಯ ಮೇಲೆ ಕಂಬಳಿ, ಬೋಗುಣಿ, ಬಲೆ, ಗೂಟ, ನಡೆಯಲಾರದ ಮರಿಗಳು. ನನ್ನ ಬಗಲಲ್ಲಿ ತಮ್ಮ. ಅವನು ಭಾರವಿದ್ದ. ಒಂದು ಬಗಲು ನೋಯುತ್ತದೆಂದು ಇನ್ನೊಂದಕ್ಕೆ ಹಾಕಿಕೊಂಡರೆ ನನ್ನ ಜಡೆ ಎಳೆದು ನಗುತ್ತಿದ್ದ. ಕಪ್ಪು ನೆಲ ಮುಗಿದು ಕೆಂಪು ನೆಲ ಸುರುವಾದಾಗ ಅವ್ವ ಅವನ ಅಂಗಾಲನ್ನು ನೆಲಕ್ಕೆ ಊರಿಸಿ, ನೋಡು, ಹೊಸ ದೇಶ ಎಂದಳು.

ದುಮ್ಮವಾಡದ ಹತ್ತಿರ ಅಪ್ಪನಿಗೆ ಗುರುತಿನ ರೈತನೊಬ್ಬನ ದೊಡ್ಡ ಹೊಲದಲ್ಲಿ ಇಳಿದೆವು. ಭತ್ತ ಕೊಯ್ದ ಹೊಲದಲ್ಲಿ ಕುರಿ ನಿಲ್ಲಿಸುವುದೆಂದರೆ ಹೊಲಕ್ಕೆ ಗೊಬ್ಬರ. ಬಲೆ ಕಟ್ಟಿ ದಡ್ಡಿ ಮಾಡಿ ಹಿಂಡನ್ನು ಒಂದು ರಾತ್ರಿ ಅದರೊಳಗೆ ಕೆಡವುವುದು. ಮರುದಿನ ಗೂಟ ಕಿತ್ತು ಬಾಜುಕಿನ ನೆಲದಲ್ಲಿ ಮತ್ತೆ ಕಟ್ಟುವುದು. ಹೀಗೆ ಸರಿಯುತ್ತ ಸರಿಯುತ್ತ ಇಡೀ ಹೊಲ ಮುಗಿಯಬೇಕು. ಕೆಲವರು ಸೋಮಾರಿತನ ಮಾಡಿ ನಡುವೆ ನೆಲ ಬಿಡುತ್ತಾರೆ. ಅಪ್ಪ ಬಿಡುತ್ತಿರಲಿಲ್ಲ. ಹಿಂದಿನ ದಿನದ ಗೂಟದ ತೂತಿನಲ್ಲೇ ಇವತ್ತಿನ ಗೂಟ ಬಡಿಯುತ್ತಿದ್ದ. ಈ ಒಂದು ವಿಷಯದಲ್ಲಿ ಅವನಿಗೆ ಅಗದಿ ಸೊಕ್ಕು.

ಅಲ್ಲಿಯೇ ತಮ್ಮನಿಗೆ ಜ್ವರ ಬಂತು. ಅವ್ವ ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಕಲಘಟಗಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದಳು. ಕೆಂಪು ಔಷಧಿ ಕೊಟ್ಟಿದ್ದರು. ಅದನ್ನು ಕುಡಿದು ಒಂದು ದಿನ ಚೇತರಿಸಿದ ಹಾಗೆ ಮಾಡಿದ. ಮರುದಿನ ಮಧ್ಯಾಹ್ನ, ನನ್ನ ತೊಡೆಯ ಮೇಲೆಯೇ, ಹೋಗಿಬಿಟ್ಟ. ನಾನು ಮಲಗಿದ್ದಾನೆಂದು ತಿಳಿದು ನೊಣ ಹೊಡೆಯುತ್ತ ಕೂತಿದ್ದೆ. ಅವ್ವ ಬಂದು ಮುಟ್ಟಿದಾಗ ಗೊತ್ತಾಯಿತು. ನನಗೆ ಏನೂ ಅನಿಸಲಿಲ್ಲ. ಇದನ್ನು ಹೇಳಿದರೆ ಜನ ನಂಬುವುದಿಲ್ಲ, ನಂಬದಿದ್ದರೆ ಬಿಡಲಿ. ಬಗಲು ಹಗುರಾಯಿತು, ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ, ಅಷ್ಟೇ.

ಊರಿಗೆ ಒಯ್ಯುವುದು ದೂರದ ಮಾತು. ಕುರಿ ಬಿಟ್ಟು ಹೋಗುವಂತಿಲ್ಲ. ಇಲ್ಲಿ ನಮ್ಮ ಮಸಣವೆಂಬುದಿಲ್ಲ. ಹೊಲದ ಯಜಮಾನನಿಗೆ ಹೇಳಿದರೆ, ಬಿತ್ತುವ ನೆಲದಲ್ಲಿ ಹೆಣ ಹುಗಿಯುವುದೇ ಎಂದು ದಡ್ಡಿ ಕೀಳಿಸುತ್ತಾನೆಂಬ ಹೆದರಿಕೆ. ಬದುವಿನ ಮಗ್ಗುಲಲ್ಲಿ ಹುಗಿದರೆ ನರಿಗಳು ಬಿಡುವುದಿಲ್ಲ. ಅಪ್ಪ ಗುದ್ದಲಿ ಹಿಡಿದು ಬದುವಿನ ಉದ್ದಕ್ಕೂ ಹೋಗಿ ಬಂದ. ಆಮೇಲೆ ಅವತ್ತಿನ ದಡ್ಡಿಗೆಂದು ಬಡಿದಿದ್ದ ಗೂಟಗಳ ಒಳಗೆ, ಒಂದು ಮೂಲೆಯಲ್ಲಿ, ಆಳವಾಗಿ ತೋಡಿದ. ಹೊತ್ತು ಮುಳುಗುವ ಮೊದಲು ಮುಗಿಸಿ ಬಲೆ ಕಟ್ಟಿ, ಹಿಂಡನ್ನು ಒಳಗೆ ಬಿಟ್ಟ.

"ಕುರಿ ಮ್ಯಾಲೇ ಮಲಗ್ತಾವು, ನೆಲ ಗಟ್ಟಿ ಆಕ್ಕೈತಿ," ಎಂದ ಅವ್ವನಿಗೆ. "ನಾಯಿನೂ ಅಲ್ಲೇ ಇರ್ತೈತಿ. ಯಾವ ನರಿನೂ ಮೂಸೂದಿಲ್ಲ."

ಕುರಿ ಕಾಯುವವನಿಗೆ ಮಾತ್ರ ಹೊಳೆಯುವ ಉಪಾಯ ಅದು. ನಾನೂ ಒಳ್ಳೆಯದೆಂದೇ ತಿಳಿದೆ. ಮರುದಿನ ಎಂದಿನಂತೆ ಗೂಟ ಕಿತ್ತೆವು, ಬಾಜುಕಿಗೆ ಸರಿದೆವು. ಕುರಿಗೆ ಸೂತಕ ಗೊತ್ತಿಲ್ಲ, ಅವುಗಳಿಗೆ ಮೇವು ಬೇಕು. ಅವ್ವನ ಎದೆಹಾಲು ಮಾತ್ರ ನಿಲ್ಲಲಿಲ್ಲ. ಕುಪ್ಪಸ ತೋಯಿಸಿಕೊಂಡೇ ಅವಳು ಹಿಂಡಿನ ಹಿಂದೆ ನಡೆದಳು. ಆ ಹೊಲ ಮುಗಿಸಿ ಹೊರಡುವ ಮುಂಜಾನೆ ಕತ್ತೆಗೆ ಹೇರು ಹಾಕುತ್ತಿದ್ದವಳು ತಟ್ಟನೆ ನಿಂತು, "ಎಲ್ಲಿ ಐತಿ ಅದು?" ಎಂದಳು. ಅಪ್ಪ ದಡ್ಡಿಯ ಮೂಲೆ ಎಂದ. ಯಾವ ದಡ್ಡಿಯ ಮೂಲೆ ಎಂದು ಕೇಳಿದಳು. ಅಪ್ಪ ಹೊಲದ ಕಡೆ ತಿರುಗಿದ. ಎಲ್ಲ ಕಡೆ ಅದೇ ಹಿಕ್ಕೆ, ಅದೇ ಗೊರಸಿನ ಗುರುತು, ಅವೇ ಗೂಟದ ತೂತುಗಳು. ಅವನು ಎರಡು ಮೂರು ಕಡೆ ಹೋಗಿ ಕಾಲಿನಿಂದ ನೆಲ ಒತ್ತಿ ನೋಡಿದ. ಇಲ್ಲಿ ಎಂದ. ಆಮೇಲೆ ಅಲ್ಲ, ಅಲ್ಲಿ ಎಂದ. ಆಮೇಲೆ ಬಂದು ಕತ್ತೆಯ ಹೇರು ಬಿಗಿದ.

ಅವ್ವ ಅವನೊಂದಿಗೆ ಮಾತು ಬಿಟ್ಟಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಪರೀಕ್ಷೆಯ ಹೊತ್ತಿಗೆ ಅಪ್ಪ ಬೇರೊಂದು ಹಿಂಡಿನವರ ಜೊತೆ ಸೇರಿಕೊಂಡ, ಅವ್ವನೂ ನಾನೂ ಸಂಶಿಗೆ ಮರಳಿದೆವು. ನಾನು ಬರೆದೆ, ಪಾಸಾದೆ. ಮಾಸ್ತರು ಬೆನ್ನು ತಟ್ಟಿದರು. ಖುಷಿಯಾಗಬೇಕಿತ್ತು, ಆಗಲಿಲ್ಲ. ಕಿಟಕಿಯ ಜಾಗವೂ ನನಗೇ ಸಿಕ್ಕಿತು. ಮಳೆ ಬಿದ್ದ ಮೇಲೆ ಅಪ್ಪ ಕಾಕಾನನ್ನು ಕಾಡಿಬೇಡಿ ಜೊತೆಗೆ ಕರೆದುಕೊಂಡು ಮೂಡಲಕ್ಕೆ ಹೋದ. ಅವ್ವ ಮಂದಿಯ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಸಂಜೆ ಬಂದು ಕೈ ತೊಳೆಯದೆ ಕೂತಿರುತ್ತಿದ್ದಳು. ಗುರುತು ಒಂದಿದ್ದರೆ ಕಲ್ಲಾದರೂ ಇಡಬಹುದಿತ್ತು ಎಂದು ಅಜ್ಜಿಯ ಮುಂದೆ ಒಮ್ಮೆ ಅಂದಳು.

ಶ್ರಾವಣ ಮುಗಿದ ಮೇಲೆ ಒಂದು ದಿನ ಅವ್ವ ಶಾಲೆ ತಪ್ಪಿಸಿ ನನ್ನನ್ನು ಹೊರಡಿಸಿದಳು. ಕುರಿ ನಿಂತ ನೆಲದಲ್ಲಿ ಬೆಳೆ ಕಪ್ಪಗೆ ಬರುತ್ತದೆ, ನಿಲ್ಲದ ಕಡೆ ತೆಳ್ಳಗೆ. ದಡ್ಡಿಗೂ ದಡ್ಡಿಗೂ ನಡುವಿನ ಗೆರೆ ಬೆಳೆಯಲ್ಲಿ ಕಂಡರೆ ದಿನ ಎಣಿಸಿ ಮೂಲೆ ಹಿಡಿಯಬಹುದು ಎಂಬುದು ಅವಳ ಲೆಕ್ಕ. ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ, ಅಲ್ಲಿಂದ ದುಮ್ಮವಾಡ. ವಾರಗಟ್ಟಲೆ ನಡೆದಿದ್ದ ದಾರಿ ಮಧ್ಯಾಹ್ನದೊಳಗೆ ಮುಗಿದುಹೋಯಿತು. ಈ ಸಲವೂ ಕುರಿ ನಿಲ್ಲಿಸುತ್ತೀರೋ ಎಂದು ಕೇಳಲು ಬಂದಿದ್ದೇವೆ ಎಂದು ಯಜಮಾನನ ಮನೆಯಲ್ಲಿ ಹೇಳಿದಳು. ಅವನ ಹೆಂಡತಿ ಚಹಾ ಕೊಟ್ಟು, ಅವ್ವನ ಬರಿದಾದ ಬಗಲು ನೋಡಿದಳು.

"ಕೂಸಿನ್ನ ತರ್ಲಿಲ್ಲೇನ? ನಡೀತಾನ ಈಗ?"

"ನಡೀತಾನ್ರಿ," ಎಂದಳು ಅವ್ವ. "ಅಜ್ಜಿ ಹತ್ರ ಬಿಟ್ಟೇವಿ."

ನಾನು ಚಹಾ ಕುಡಿದೆ. ಸಕ್ಕರೆ ಜಾಸ್ತಿಯಿತ್ತು.

ಯಜಮಾನನೇ ಹೊಲದವರೆಗೆ ಬಂದ. ನಾವು ಬದುವಿನ ಮೇಲೆ ನಿಂತೆವು. ಮೊಣಕಾಲೆತ್ತರದ ಭತ್ತ, ಈ ಬದುವಿನಿಂದ ಆ ಬದುವಿನವರೆಗೆ ಒಂದೇ ಹಸಿರು. ಅವ್ವ ಬದುವಿನ ಉದ್ದಕ್ಕೂ ನಡೆದಳು, ಬಗ್ಗಿ ನೋಡಿದಳು, ಮತ್ತೆ ತಿರುಗಿ ಬಂದಳು. ಗೆರೆ ಇರಲಿಲ್ಲ.

"ಭಾಳ ಮಂದಿ ನಿಲ್ಲಿಸ್ತಾರ್ರಿ ಕುರಿ," ಎಂದ ಯಜಮಾನ. "ಆದ್ರ ನಿಮ್ಮ ಮನಿಯವ್ರ ಕೆಲಸ ನೋಡ್ರಿ. ಒಂದ ಗೇಣ ಜಾಗಾ ಬಿಟ್ಟಿಲ್ಲ. ಎಲ್ಲಾ ಒಂದ ಸಮ."

ಅವ್ವ ಹೌದ್ರಿ ಎಂದಳು. ಸೆರಗು ಸರಿಮಾಡಿಕೊಂಡು ಮತ್ತೆ ಹೌದ್ರಿ ಎಂದಳು. ಅವಳ ಮುಖದ ಮೇಲೆ ಏನೂ ಇರಲಿಲ್ಲ, ನನ್ನ ಮುಖದ ಮೇಲೂ ಇದ್ದಿರಲಿಕ್ಕಿಲ್ಲ. ಸಂಜೆಯ ಬಸ್ಸು ತಪ್ಪುತ್ತದೆಂದು ಹೇಳಿ ಹೊರಟೆವು. ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಕಡೆ ಕೂರಿಸಿ ಅವಳು ಕಣ್ಣು ಮುಚ್ಚಿಕೊಂಡಳು.

ದೀಪಾವಳಿಗೆ ಅಪ್ಪ ಮನೆಗೆ ಬಂದ. ಅಷ್ಟರಲ್ಲಿ ಮುದುಕನಾಗಿದ್ದ ಎಂದರೆ ಹೆಚ್ಚೇನಲ್ಲ. ಅಜ್ಜಿ ಅವನನ್ನು ಬೀಗರೇ ಎಂದು ಕರೆಯಲಿಲ್ಲ. ನಾವು ದುಮ್ಮವಾಡಕ್ಕೆ ಹೋಗಿಬಂದದ್ದನ್ನು ಅವಳೇ ಹೇಳಿರಬೇಕು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ತಾಟಿನ ಮುಂದೆ ಕೂತು ಮುರಿದ ರೊಟ್ಟಿಯನ್ನು ಬಾಯಿಗೆ ಹಾಕದೆ ಕೇಳಿದ.

"ಸಿಕ್ತೇನ?"

ಅವ್ವ ಅವನೊಂದಿಗೆ ಮಾತಾಡಿ ಎಷ್ಟೋ ತಿಂಗಳಾಗಿತ್ತು. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಅದರ ಮೇಲೆ ನೀರು ಸವರಿದಳು.

"ಹೂಂ," ಎಂದಳು. "ಸಿಕ್ತು. ಕಲ್ಲಿಟ್ಟ ಬಂದೇವಿ."

ಅಪ್ಪ ನನ್ನ ಕಡೆ ನೋಡಿದ. ನಾನೂ ಹೂಂ ಎಂದೆ. ಅವನು ರೊಟ್ಟಿಯ ತುಂಡನ್ನು ತಾಟಿನಲ್ಲಿ ಇಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ಅವ್ವ ಅವನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.