ಗುಂಡಿ ಅಂಗಡಿಯ ಪೈಚೆನ್

ಗುವಾಂಗ್‌ಝೌ ಪೇಟೆಯಲ್ಲಿ ಅಂಗಿಯ ಗುಂಡಿ ಮಾರುವ ಪೈಚೆನ್‌ಳ ಗಂಟಲು ಅವಳ ಸರಕಿಗಿಂತ ಹೆಚ್ಚು ಹೆಸರುವಾಸಿ. ಗಿರಾಕಿ ತಗಾದೆ ತೆಗೆದರೆ ಸಿಟ್ಟೆಲ್ಲ ಅಂಗಡಿಯಲ್ಲೇ ದುಡಿಯುವ ನಾದಿನಿ ಶಿಯುಲಾನ್ ಮೇಲೆ.

"ಅತ್ತಿಗೆ, ಇನ್ನೊಂದ್ಸಲ ಕಿರುಚಿದ್ರೆ ನಾನು ಎದುರಂಗಡಿಗೆ ಹೋಗ್ತೀನಿ," ಎಂದು ನಾದಿನಿ ಒಂದು ದಿನ ತಣ್ಣಗೆ ಹೇಳಿದಳು. ಅವಳು ಹೋದರೆ ಅರ್ಧ ಗಿರಾಕಿಗಳೂ ಹಿಂದೆಯೇ ಹೋದಂತೆ.

ಸಿಟ್ಟು ಇಳಿಸಿಕೊಳ್ಳಲೆಂದು ಮರುದಿನ ಬೆಳಗ್ಗೆಯೇ ಪೈಚೆನ್ ಉದ್ಯಾನದಲ್ಲಿ ಕಾಲಿನಿಂದ ಗರಿಚೆಂಡು ಚಿಮ್ಮಿಸುವ ಮುದುಕಿಯರ ಗುಂಪು ಸೇರಿದಳು. ಫೋನಿನಲ್ಲಿ ವ್ಯಾಪಾರ ಮಾತಾಡುತ್ತ ಒದ್ದರೆ ಚೆಂಡು ನೆಲಕ್ಕೆ ಬೀಳುತ್ತಿತ್ತು.

"ಕಾಲು ಇಲ್ಲಿ, ತಲೆ ಅಂಗಡೀಲಿ. ಎರಡನ್ನೂ ಜತೇಲಿ ಕರ್ಕೊಂಡು ಬಾರೇ," ಎಂದು ಗುಂಪಿನ ಲೋ ಎಂಬ ಅಜ್ಜಿ ಛೇಡಿಸಿದಳು. ಫೋನು ಚೀಲ ಸೇರಿತು. ಚಳಿಗಾಲ ಮುಗಿಯುವಷ್ಟರಲ್ಲಿ ಚೆಂಡು ಅವಳ ಮಾತು ಕೇಳತೊಡಗಿತ್ತು, ರಾತ್ರಿ ಸರಿಯಾಗಿ ಬಾರದಿದ್ದ ನಿದ್ದೆಯೂ ಕೇಳತೊಡಗಿತ್ತು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬ ಬಣ್ಣ ತಪ್ಪಾಗಿದೆಯೆಂದು ಗುಂಡಿಯ ಪೆಟ್ಟಿಗೆ ತಂದು ಕುಕ್ಕಿದ. ಇನ್ನು ಕಿರುಚಾಟ ಶುರುವೆಂದು ಶಿಯುಲಾನ್ ಹೊರಡಲು ತನ್ನ ಚೀಲ ಹೆಗಲಿಗೇರಿಸಿದಳು. ಪೈಚೆನ್ ಬಾಯಿ ತೆರೆದು ಮುಚ್ಚಿದಳು. ಗರಿಚೆಂಡು ಹಿಡಿದು ಓಣಿಗಿಳಿದು ಒದೆಯತೊಡಗಿದಳು. ಉಸಿರು ಹದಕ್ಕೆ ಬಂದ ಮೇಲೆ ಒಳಗೆ ಬಂದು, "ತಪ್ಪು ನಮ್ದೇ ಅಣ್ಣಾ, ಬದಲಾಯಿಸಿ ಕೊಡ್ತೀನಿ. ಚಹಾ ಕುಡೀರಿ," ಎಂದಳು.

ಜಗಳಕ್ಕೆಂದೇ ಸಜ್ಜಾಗಿ ಬಂದಿದ್ದ ಗಿರಾಕಿ ಪಾಪ, ಪೆಚ್ಚಾಗಿ ಕುಳಿತ.

ಶಿಯುಲಾನ್ ಚೀಲವನ್ನು ಮತ್ತೆ ಗೂಟಕ್ಕೆ ಹಾಕಿ, "ನಾಳೆ ಬೆಳಗ್ಗೆ ನನ್ನನ್ನೂ ಎಬ್ಬಿಸಿ ಅತ್ತಿಗೆ," ಎಂದಳು.