ಗೋಡೆ ತಟ್ಟುತ್ತಿದ್ದ ವೈಫೈಯವರು

ಮಣ್ಣಗುಡ್ಡದ ನಮ್ಮ ಹಳೆಯ ಮನೆಗೆ ವೈಫೈ ಹಾಕಲು ಬಂದವರು, ಡಾಕ್ಟರ್ ಪೇಷೆಂಟಿನ ಎದೆ ತಟ್ಟುವ ಹಾಗೆ, ಪ್ರತಿ ಗೋಡೆಯನ್ನೂ ತಟ್ಟಿದರು. “ಗೋಡೆ ಎಂತ ಹೇಳ್ತದೆ ನೋಡುವ” ಎಂಬುದು ಅವರ ಮಾತು. ದಪ್ಪ ಕೆಂಪುಕಲ್ಲಿನ ಗೋಡೆ ದಾಟಿ ಮುಂದಿನ ಕೋಣೆಯ ರೂಟರಿನ ಸಿಗ್ನಲ್ ಹಿಂದಿನ ಕೋಣೆಗೆ ಹೋಗುತ್ತಿರಲಿಲ್ಲ. ಅಲ್ಲಿ ಹಾಸಿಗೆ ಹಿಡಿದಿದ್ದ ನನ್ನ ಅಕ್ಕನಿಗೆ ಸಂಜೆಯ ಲೈವ್ ಯಕ್ಷಗಾನವೊಂದೇ ಎಂಟರ್‌ಟೇನ್‌ಮೆಂಟ್.

“ದೊಡ್ಡ ರೂಟರ್ ಒಂದು ಸಾಕಲ್ವಾ?” ಎಂದೆ.

“ಬೇಡ ಆಂಟಿ, ಸಣ್ಣದು ಎರಡು ಇಡುವ.”

ಅಕ್ಕನ ದಿಂಬಿನ ಎತ್ತರಕ್ಕೆ ನೆಲದಲ್ಲಿ ಕುಳಿತು ಫೋನಿನಲ್ಲಿ ಸಿಗ್ನಲ್ ನೋಡಿದರು. ಎರಡನೆಯದಕ್ಕೆ ಸರಿಯಾದ ಜಾಗ ದೇವರ ಕೋಣೆ ಮಾತ್ರ. ನಾನು ಹಿಂಜರಿದೆ. ಅವರು ಅಕ್ಕನನ್ನೇ ಕೇಳಿದರು.

“ಅಲ್ಲೇ ಇಡಿ ಮಾರಾಯ್ರೆ,” ಎಂದಳು ಅಕ್ಕ. “ದೇವರಿಗೂ ಯಕ್ಷಗಾನದ ಆಟ ನೋಡ್ಲಿಕ್ಕೆ ಆಗ್ತದಲ್ಲ!”

ಅವರು ನಗಲಿಲ್ಲ. ಬಾವಿಕಟ್ಟೆಗೆ ಹೋಗಿ ಕೈಕಾಲು ತೊಳೆದು ಬಂದು, ರೂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದರು. ಆ ಸಂಜೆ ಹಿಂದಿನ ಕೋಣೆಯಿಂದ ಚೆಂಡೆಯ ಸದ್ದು ಒಮ್ಮೆಯೂ ತುಂಡಾಗಲಿಲ್ಲ.