ಐದನೆಯ ಪಟ್ಟಿ

ಟೆಸ್ಮರ್ ದಂಪತಿಯ ಹಳೆಯ ದನದ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ಒಂದು ವಿಮಾನ ಬೆಳೆಯುತ್ತಿತ್ತು. ಊರಿನವರೆಲ್ಲ ಅದನ್ನು ಡೆಲ್ಮರನ ವಿಮಾನ ಎನ್ನುತ್ತಿದ್ದರು. ಹಾಗೆ ಅಂದವರ ಎದುರಿಗೆ ಅವನ ಹೆಂಡತಿ ಲವೋನ್ ನಕ್ಕು ಸುಮ್ಮನಾಗುತ್ತಿದ್ದಳು. ವಿಸ್ಕಾನ್ಸಿನ್ನಿನ ಹೈನು ಸೀಮೆಯಲ್ಲಿ, ಮೆರೆದಾಟವನ್ನು ಪಾಪವೆಂದೇ ಎಣಿಸುವ ಲೂಥರನ್ ಕ್ರೈಸ್ತರ ಮನೆಯಲ್ಲಿ ಬೆಳೆದ ಹೆಂಗಸು. ತನ್ನನ್ನು ತಾನೇ ಹೊಗಳಿಕೊಳ್ಳುವುದು ಅವಳ ನಾಲಿಗೆಗೆ ಬಾರದ ವಿದ್ಯೆ. ಹಾಗಂತ ಅವಳಿಗೆ ಹೆಮ್ಮೆ ಇರಲಿಲ್ಲ ಎಂದುಕೊಂಡರೆ ತಪ್ಪು ನಿಮ್ಮದು.

ತಗಡಿಗೆ ತಗಡು ಬಿಗಿಯುವ ರಿವೆಟ್ ಮೊಳೆ ಹೊಡೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ತಗಡಿನ ಹೊರಗೆ ಒಬ್ಬರು ರಿವೆಟ್ ಗನ್ ಹಿಡಿದು ಬಡಿಯಬೇಕು. ಒಳಗಡೆ ಇನ್ನೊಬ್ಬರು ರಿವೆಟ್ಟಿನ ಬುಡಕ್ಕೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದಿರಬೇಕು. ಗಟ್ಟಿ ಕೂದಲೆಳೆಯಷ್ಟು ವಾರೆಯಾದರೂ ರಿವೆಟ್ ಸೊಟ್ಟಗಾಗುತ್ತದೆ, ಕೊರೆದು ತೆಗೆದು ಮತ್ತೆ ಹೊಡೆಯಬೇಕಾಗುತ್ತದೆ. ಗನ್ನು ಡೆಲ್ಮರನದು, ಗಟ್ಟಿ ಲವೋನಳದು. ಬಾಲದ ಭಾಗ ಬಂದಾಗ ಡೆಲ್ಮರನ ಭುಜ ಒಳಗೆ ತೂರದೆ, ಇವಳೇ ಟಾರ್ಚು ಕಚ್ಚಿಕೊಂಡು ತೆವಳಿ ಹೋಗಿ, ಒಂದಿಡೀ ಚಳಿಗಾಲ ಅದರ ಹೊಟ್ಟೆಯೊಳಗೆ ಅಂಗಾತ ಮಲಗಿ ಕೆಲಸ ಮಾಡಿದ್ದಳು. ರೆಕ್ಕೆಯನ್ನು ಮುಚ್ಚುವ ಹಿಂದಿನ ದಿನ ಒಳಗೆ ಕೈಯಿಟ್ಟು ರಿವೆಟ್ಟುಗಳ ಸಾಲಿನ ಮೇಲೆ ಬೆರಳಾಡಿಸಿದಳು. ಒಂದರಲ್ಲೂ ಏರುಪೇರಿಲ್ಲ. ಇನ್ನು ಮುಂದೆ ಅದನ್ನು ಯಾರೂ ನೋಡುವುದಿಲ್ಲವಲ್ಲ ಎಂದು ಅವಳಿಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಈ ಹುಚ್ಚಿಗೆ ಕಿಡಿ ಹಚ್ಚಿದವಳೂ ಅವಳೇ. ಮೊಣಕಾಲು ಕೈಕೊಟ್ಟು ಹಸುಗಳನ್ನು ಮಾರಿದ ಮೇಲೆ ಡೆಲ್ಮರ್ ಬೆಳಗಾದರೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಖಾಲಿ ಕೊಟ್ಟಿಗೆಯನ್ನೇ ದಿಟ್ಟಿಸುತ್ತಿದ್ದ. "ಏನಾದ್ರೂ ಮಾಡು ಮಾರಾಯ. ಇಲ್ಲಾಂದ್ರೆ ಮುಂದಿನ ಹರಾಜಿಗೆ ನಿನ್ನನ್ನೂ ಕಳಿಸ್ತೀನಿ," ಎಂದಿದ್ದಳು ಲವೋನ್. ಅವನು ಹರೆಯದಲ್ಲೇ ವಿಮಾನ ಹಾರಿಸಲು ಕಲಿತವನು. ಆಗೀಗ ಬಾಡಿಗೆ ವಿಮಾನ ಹಿಡಿದು ಒಂದು ಸುತ್ತು ಹೋಗಿ ಬರುವುದಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳನ್ನು ಕರೆದಿದ್ದ. "ನಾ ಬರಲ್ಲಪ್ಪ," ಎಂದಿದ್ದಳು. ಯಾಕೆ ಎಂದು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ನಮ್ಮ ಕಡೆ ಗಂಡಹೆಂಡಿರು ಒಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ನಲವತ್ತು ವರ್ಷ ಹಾಗೇ ಇಟ್ಟುಕೊಳ್ಳುವುದುಂಟು.

ಅಂತೂ ವಿಮಾನ ಸೀಟಿನ ಬೆಲ್ಟುಗಳವರೆಗೆ ಬಂದು ಮುಟ್ಟಿತು. ಅಕ್ಕಪಕ್ಕ ಎರಡು ಸೀಟು. ಎಡಗಡೆ ಓಡಿಸುವವರಿಗೆ, ಬಲಗಡೆ ಜೊತೆಗಾರರಿಗೆ. ಬೆಲ್ಟಿಗೆ ಕಡುನೀಲಿ ಬಣ್ಣ ಇರಲಿ ಎಂದು ಲವೋನ್ ಆರಿಸಿದಳು. ಉಳಿದದ್ದರ ಚರ್ಚೆ ಶನಿವಾರದ ಕೂಟಕ್ಕೆ ಹೋಯಿತು.

ಹುಲ್ಲಿನ ರನ್‌ವೇ ಪಕ್ಕದಲ್ಲಿ ವಿಮಾನ ನಿಲ್ಲಿಸುವ ತಗಡಿನ ಹ್ಯಾಂಗರಿನಲ್ಲಿ ವಿಮಾನ ಕಟ್ಟುವವರೆಲ್ಲ ಶನಿವಾರ ಬೆಳಿಗ್ಗೆ ಸೇರುತ್ತಾರೆ. ಪ್ಯಾನ್‌ಕೇಕು, ಸಾಸೇಜು, ಬಕೆಟ್‌ಗಟ್ಟಲೆ ಕಾಫಿ. ಅಲ್ಲಿ ಒಂದು ಕಟ್ಟಳೆಯಿದೆ: ಯಾರೇ ಆಗಲಿ, ಯಾವುದೇ ಭಾಗವನ್ನು ಮುಚ್ಚುವ ಮೊದಲು ಇನ್ನೊಬ್ಬರಿಗೆ ತೋರಿಸಬೇಕು, ನೋಡಿದವರು ಕಂಡದ್ದನ್ನು ಮುಖಕ್ಕೆ ಹೊಡೆದಂತೆ ಹೇಳಬೇಕು. ಈ ನೋಡುವ ಕೆಲಸದ ಹಿರಿತನ ಗೇಲನ್ ಹಾಲ್ವರ್ಸನ್‌ನದು. ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿ ಹಿಡಿದು ಸಂದಿಗೊಂದಿಗಳಲ್ಲೆಲ್ಲ ಇಣುಕುವ ಮನುಷ್ಯ. ಒಂದು ಬೋಲ್ಟು ಅರ್ಧ ಎಳೆ ಸಡಿಲವಿದ್ದರೂ ಕಟ್ಟಿದವನ ಮಾನ ಹರಾಜು ಹಾಕದೆ ಬಿಟ್ಟವನಲ್ಲ. ಆದರೆ ಹುಡುಗನಾಗಿದ್ದಾಗ ಚರ್ಚಿನ ಭಾನುವಾರದ ಪಾಠದಲ್ಲಿ ಅವನಿಗೆ ಲವೋನಳೇ ಟೀಚರು. ಐವತ್ತೆಂಟಾದರೂ ಅವಳು ಬಂದರೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದ.

ಆ ಚಳಿಗಾಲ ಹ್ಯಾಂಗರಿನಲ್ಲಿ ಬೆಲ್ಟಿನದೇ ಮಾತು. ಆದರೆ ಲವೋನ್ ಕಾಫಿ ಕೆಟಲು ಹಿಡಿದು ಹತ್ತಿರ ಬಂದರೆ ಸಾಕು, ಅಷ್ಟೂ ಗಂಡಸರ ಬಾಯಿಗೆ ಬೀಗ ಬೀಳುತ್ತಿತ್ತು. ಒಬ್ಬ ಚಾವಣಿ ನೋಡಿದರೆ ಇನ್ನೊಬ್ಬ ಜಿಂಕೆ ಬೇಟೆಯ ಕತೆ ಎತ್ತುತ್ತಿದ್ದ. ತನ್ನ ಹುಟ್ಟುಹಬ್ಬಕ್ಕೆ ಏನೋ ಗುಟ್ಟಾಗಿ ಹೂಡುತ್ತಿರಬೇಕು, ಪಾಪ, ಎಂದು ಅವಳು ಕಂಡೂ ಕಾಣದ ಹಾಗೆ ಇದ್ದಳು.

ಪಾರ್ಸೆಲ್ ಬಂದ ದಿನ ಡೆಲ್ಮರ್ ಊರೊಳಗೆ ಹೋಗಿದ್ದ. ಲವೋನ್ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ಹರವಿದಳು. ಒಳ್ಳೇ ನೀಲಿ, ಒಳ್ಳೇ ಹೊಲಿಗೆ. ಎಡ ಸೀಟಿನ ಕಟ್ಟಿನಲ್ಲಿ ಐದು ಪಟ್ಟಿ: ಭುಜಕ್ಕೆರಡು, ಸೊಂಟಕ್ಕೆರಡು, ಇನ್ನೊಂದು ಗಿಡ್ಡನೆಯದು. ಬಲ ಸೀಟಿನದರಲ್ಲಿ ನಾಲ್ಕೇ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದಳು, ಏನೂ ಬೀಳಲಿಲ್ಲ.

ಡೆಲ್ಮರ್ ಬಂದು ಟೋಪಿ ತೆಗೆಯುವಷ್ಟರಲ್ಲಿ ಕೇಳಿದಳು. "ನನ್ನದ್ರಲ್ಲಿ ಒಂದು ಕಮ್ಮಿ ಇದೆಯಲ್ಲ?"

"ಅದಾ... ಭಾರ ಕಮ್ಮಿ ಆಗ್ಲಿ ಅಂತ."

ಜಿಂಕೆ ಮಾಂಸ ತೂಗುವ ತಕ್ಕಡಿಗೆ ಆ ಗಿಡ್ಡ ಪಟ್ಟಿಯನ್ನು ಹಾಕಿದಳು. ಮುಳ್ಳು ಅಲುಗಿತೋ ಇಲ್ಲವೋ ಅನ್ನುವ ಹಾಗಿತ್ತು. "ಇಷ್ಟು ಭಾರಕ್ಕೆ ವಿಮಾನ ಏಳಲ್ವಾ? ಹಂಗಾದ್ರೆ ನೀನು ಒಂದು ಸಾಸೇಜು ಕಮ್ಮಿ ತಿನ್ನು."

"ನಿನಗೆ ಆರಾಮಾಗಿರ್ಲಿ ಅಂತ ಕಣೇ. ಮೆತ್ತನೆ ದಿಂಬು ಬೇರೆ ಮಾಡಿಸಿದೀನಲ್ಲ, ಎತ್ತರಕ್ಕೆ," ಎಂದು ಅವನು ಕೊಟ್ಟಿಗೆಯ ಕಡೆ ಜಾರಿಕೊಂಡ. ದಿಂಬು ಇದ್ದದ್ದು ನಿಜ. ಲವೋನ್ ಕುಳ್ಳಿ, ಹೊರಗಿನದು ಕಾಣಲಿ ಎಂದು ಅವನು ಅರ್ಧ ಗೇಣು ದಪ್ಪದ ಸ್ಪಂಜಿನ ದಿಂಬು ಹೊಲಿಸಿದ್ದ.

ಶನಿವಾರ ಅವಳು ಕೆಟಲು ಹಿಡಿಯಲಿಲ್ಲ. ಡೆಲ್ಮರನನ್ನು ಬಾಗಿಲಲ್ಲೇ ಬಿಟ್ಟು, ನೇರ ಹೋಗಿ ಗೇಲನ್ ಎದುರಿನ ಕುರ್ಚಿಯಲ್ಲಿ ಕೂತಳು. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಗೇಲನ್, ಐದನೇ ಪಟ್ಟಿ ಎಲ್ಲಿಗೆ ಹಾಕೋದು?"

ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. "ಅದು... ಸೀಟಿನ ಮುಂದ್ಗಡೆಯಿಂದ ಬಂದು... ಬಕಲ್‌ಗೆ ಸೇರುತ್ತೆ ಮೇಡಂ."

"ಎಲ್ಲಿ ಹಾದು ಬಂದು?"

ಗೇಲನ್ ತಟ್ಟೆಯಲ್ಲಿದ್ದ ಪ್ಯಾನ್‌ಕೇಕನ್ನು ನಾಲ್ಕು ತುಂಡು ಮಾಡಿದ, ಎಂಟು ಮಾಡಿದ. ಪಕ್ಕದಲ್ಲಿದ್ದ ಬಡ್ ಪ್ರೋಖಾಸ್ಕನಿಗೆ ತಡೆಯಲಾಗಲಿಲ್ಲ. ಬಾಯಿಬಡುಕ, ಊರಿಗೆಲ್ಲ ಟ್ರಾಕ್ಟರ್ ರಿಪೇರಿ ಮಾಡುವವನು. "ಹೇಳಯ್ಯ, ಕಾಲ್ ಸಂದೀಲಿ ಅಂತ! ಮೂರು ತಿಂಗ್ಳಿಂದ 'ಆ ಕೆಳಗಿನ ವಿಚಾರ', 'ಆ ಕೆಳಗಿನ ವಿಚಾರ' ಅಂತ ಕೊಯ್ತಾ ಇದೀಯ."

ಸುತ್ತ ಕೂತವರೆಲ್ಲ ತಮ್ಮ ತಮ್ಮ ತಟ್ಟೆಗಳ ಮೇಲೆ ಬಗ್ಗಿದರು.

"ಅದು ಏನಕ್ಕೆ ಬೇಕು?" ಎಂದಳು ಲವೋನ್.

ಕೆಲಸದ ಮಾತು ಬಂದ ಕೂಡಲೇ ಗೇಲನ್‌ಗೆ ಉಸಿರು ಬಂತು. ಭುಜದ ಪಟ್ಟಿಯನ್ನು ಬಿಗಿದರೆ ಅದು ಸೊಂಟದ ಪಟ್ಟಿಯನ್ನು ಹೊಟ್ಟೆಗೆ ಎಳೆಯುತ್ತದೆ. ವಿಮಾನ ಗಕ್ಕನೆ ನಿಂತರೆ ಕೂತವರ ಮೈ ಪಟ್ಟಿಯ ಅಡಿಯಿಂದ ಮುಂದಕ್ಕೆ ಜಾರುತ್ತದೆ. ಪಟ್ಟಿ ಕರುಳಿಗೆ ಕೂರುತ್ತದೆ. ಹಾಗಾಗದಂತೆ ಬಕಲನ್ನು ಕೆಳಕ್ಕೆ ಹಿಡಿದಿಡುವುದೇ ಐದನೆಯದು. ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣಗಾಯಿತು. "ದಿಂಬು ಮೆತ್ತಗಿದ್ರೆ ಇನ್ನೂ ಕಷ್ಟ. ಪೆಟ್ಟು ಬಿದ್ದಾಗ ಅದು ಕುಸಿಯುತ್ತೆ, ಪಟ್ಟಿ ಸಡಿಲ ಆಗುತ್ತೆ. ಕುಳ್ಳಗಿರೋರು ಬೇಗ ಜಾರ್ತಾರೆ."

"ಅಂದ್ರೆ ನಾನು."

"ಹೂಂ ಮೇಡಂ."

"ನನ್ನ ಸೀಟು ನೋಡಿದ್ದೆ ತಾನೆ, ಕನ್ನಡಿ ಹಿಡ್ಕೊಂಡು?"

"ನೋಡಿದ್ದೆ."

"ಏನೂ ಹೇಳ್ಲಿಲ್ಲ."

ಗೇಲನ್ ತಲೆ ತಗ್ಗಿಸಿದ. ಲವೋನ್ ಎದ್ದು ನಿಂತಳು. ಅವಳು ದನಿಯೆತ್ತಿದ್ದನ್ನು ಅದುವರೆಗೆ ಆ ಹ್ಯಾಂಗರಿನಲ್ಲಿ ಯಾರೂ ಕೇಳಿರಲಿಲ್ಲ. "ನಲವತ್ತು ವರ್ಷ ಭುಜದ ತನಕ ಕೈ ಹಾಕಿ ಕರು ಎಳೆದಿದೀನಿ. ಮೂರು ಮಕ್ಳನ್ನ ಹೆತ್ತಿದೀನಿ. ಕಾಲ್ ಸಂದಿ ಅಂದ್ರೆ ನಾನು ಮೂರ್ಛೆ ಬೀಳ್ತೀನಾ? ನಾಚ್ಕೆ ನಿಮ್ದು, ಕರುಳು ನಂದು! ಇದ್ಯಾವ ನ್ಯಾಯ ಕಣ್ರೋ?"

ಬಡ್ ಕಾಫಿ ಕಲಕಿದ, ಸಕ್ಕರೆ ಹಾಕದ ಕಾಫಿಯನ್ನು.

ಮನೆಗೆ ಬರುವಾಗ ಡೆಲ್ಮರ್ ಟ್ರಕ್ಕು ಓಡಿಸುತ್ತಿದ್ದ. ಹಿಮದಲ್ಲಿ ಜೋಳದ ಕೂಳೆಗಳು ಸಾಲುಸಾಲಾಗಿ ಹಿಂದೆ ಸರಿಯುತ್ತಿದ್ದವು. ಅವನು ರಸ್ತೆ ನೋಡುತ್ತಲೇ ಅಂದ, "ನಾಚ್ಕೆ ಒಂದೇ ಅಲ್ಲ. ನೀನು ಒಂದೇ ಸಲ ಹತ್ತೋದು ಅಂದ್ಕೊಂಡಿದ್ದೆ. ನನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ಒಂದ್ಸಲ ಹತ್ತಿ, ಕಣ್ಮುಚ್ಚಿ ಕೂತು, ಇಳೀತೀಯ. ಅಷ್ಟಕ್ಕೆ ಯಾಕೆ ನಿನಗೆ ಮುಜುಗರ ಅಂತ."

ಈ ಮಾತು ಲವೋನಳಿಗೆ ಆ ಪಟ್ಟಿಗಿಂತ ಹೆಚ್ಚು ನೋವು ಕೊಟ್ಟಿತು. ಹನ್ನೊಂದು ವರ್ಷ ಜೊತೆಯಲ್ಲಿ ದುಡಿದವನು ತನ್ನನ್ನು ಒಂದು ದಿನಕ್ಕೆ ಬಂದುಹೋಗುವ ನೆಂಟಳೆಂದು ಎಣಿಸಿದ್ದ.

"ಯಾರು ಹೇಳಿದ್ರು ನಿನಗೆ, ನನಗೆ ಹಾರೋಕೆ ಇಷ್ಟ ಇಲ್ಲ ಅಂತ?"

"ನೀನೇ. ಆವತ್ತು ಕರೆದಾಗ ಬರಲ್ಲ ಅಂದೆಯಲ್ಲ."

"ಆ ಬಾಡಿಗೆ ಡಬ್ಬದಲ್ಲಿ ಬರಲ್ಲ ಅಂದೆ! ಅದರ ರಿವೆಟ್ ಯಾರು ಹೊಡೆದಿದ್ರೋ, ಯಾರು ಗಟ್ಟಿ ಹಿಡಿದಿದ್ರೋ. ಇದು ಹಂಗಲ್ಲ ಡೆಲ್. ಇದರ ಒಂದೊಂದು ರಿವೆಟ್ಟೂ ನನ್ನ ಕೈ ದಾಟಿ ಹೋಗಿದೆ. ಆ ಬಾಲದೊಳಗೆ ಮಲಗಿದ್ದಾಗೆಲ್ಲ ಏನು ಯೋಚ್ನೆ ಮಾಡ್ತಿದ್ದೆ ಗೊತ್ತಾ? ಮೇಲಿಂದ ನಮ್ಮ ಕೊಟ್ಟಿಗೆ ಹೆಂಗೆ ಕಾಣುತ್ತೆ, ಹಳ್ಳ ಎಲ್ಲಿ ತಿರುಗುತ್ತೆ ಅಂತ. ನಾನು ಸುಮ್ನೆ ನಿನಗೆ ಕೈಯಾಳಾಗಿ ಬಂದೆ ಅಂದ್ಕೊಂಡ್ಯಾ?"

ಡೆಲ್ಮರ್ ಟ್ರಕ್ಕನ್ನು ರಸ್ತೆ ಬದಿಗೆ ನಿಲ್ಲಿಸಿದ. ಕೈಗವಸು ತೆಗೆದು ಮೂಗೊರೆಸಿಕೊಂಡ. "ನಾನು ದಡ್ಡ ಕಣೇ," ಎಂದ.

"ಅದು ಗೊತ್ತಿರೋದೇ. ಗಾಡಿ ಓಡಿಸು, ಚಳಿ."

ಐದನೆಯ ಪಟ್ಟಿ ತರಿಸುವುದು ಸುಲಭ. ಅದನ್ನು ಕಟ್ಟಲು ಸೀಟಿನ ಅಡಿಯಲ್ಲಿ ಗಟ್ಟಿಯಾದ ಕೊಂಡಿ ಬೇಕು, ಅದು ನೆಲದ ತಗಡಿಗಲ್ಲ, ಅದರ ಕೆಳಗಿನ ಅಡ್ಡತೊಲೆಗೆ, ಅಂದರೆ ವಿಮಾನದ ಪಕ್ಕೆಲುಬಿಗೆ, ಕೂರಬೇಕು. ಮುಚ್ಚಿದ ನೆಲವನ್ನು ಬಿಚ್ಚದೆ ಬೇರೆ ದಾರಿಯಿರಲಿಲ್ಲ. ತಾವೇ ಹೊಡೆದ ಚಂದದ ರಿವೆಟ್ಟುಗಳನ್ನು ಒಂದೊಂದಾಗಿ ಕೊರೆದು ತೆಗೆಯುವುದೆಂದರೆ ಹೊಲಿದ ಮದುವೆ ಅಂಗಿಯನ್ನು ಬಿಚ್ಚಿದ ಹಾಗೆ. ಲವೋನ್ ಹಲ್ಲು ಕಚ್ಚಿ ಅದನ್ನೂ ಮಾಡಿದಳು.

ಕೊಂಡಿ ಕೂರಿಸುವಾಗ ಡೆಲ್ಮರ್, "ಗನ್ ನೀ ಹಿಡಿ, ಇವತ್ತು ಗಟ್ಟಿ ನಾನು ಹಿಡೀತೀನಿ," ಎಂದ. ಪ್ರಾಯಶ್ಚಿತ್ತ ಎಂದುಕೊಂಡನೋ ಏನೋ. ನೆಲದ ಮೇಲೆ ಮಲಗಿ, ಕೈ ತಿರುಚಿ ಒಳಗೆ ತೂರಿಸಿದ. ಮೊದಲ ರಿವೆಟ್ ಸೊಟ್ಟಗಾಯಿತು. ಎರಡನೆಯದೂ ಸೊಟ್ಟ. ಮೂರನೆಯದರಲ್ಲಿ ಗಟ್ಟಿಯೇ ಜಾರಿ ಅವನ ಹೆಬ್ಬೆರಳಿಗೆ ಬಡಿಯಿತು. ಹೆಬ್ಬೆರಳು ಚೀಪುತ್ತಾ ಬಹಳ ಹೊತ್ತು ಹೆಂಡತಿಯ ಕೈಗಳನ್ನು ನೋಡಿದ. ಗಂಟುಬಿದ್ದ, ಗಾಯದ ಗುರುತು ತುಂಬಿದ ಕೈಗಳು.

"ಇದನ್ನ ನೀನು ಇಷ್ಟು ವರ್ಷ ಹೆಂಗೆ ಮಾಡ್ದೆ ಲವೋನ್?"

"ಚೆನ್ನಾಗಿ ಮಾಡ್ದೆ," ಎಂದಳು ಅವಳು. ಲೂಥರನ್ ಹೆಂಗಸಿನ ಬಾಯಲ್ಲಿ ಅಷ್ಟು ದೊಡ್ಡ ಮಾತು ನಮ್ಮೂರಿನಲ್ಲಿ ಹಿಂದೆಂದೂ ಬಂದಿರಲಾರದು. "ಗನ್ ತಗೊ ಇನ್ನ. ನಿನ್ನ ಕೆಲ್ಸ ನೀನು ಮಾಡು."

ಮೆತ್ತನೆಯ ದಿಂಬು ನಾಯಿಯ ಪಾಲಾಯಿತು. ಅದರ ಜಾಗಕ್ಕೆ, ಮೊಣಕೈ ಊರಿದರೂ ಕುಸಿಯದಂಥ ಬಿರುಸು ಸ್ಪಂಜನ್ನು ಪದರ ಪದರವಾಗಿ ಅಂಟಿಸಿ ಲವೋನ್ ತಾನೇ ಹೊಸದು ಮಾಡಿದಳು. ಗೇಲನ್ ಕನ್ನಡಿ ಹಿಡಿದು ಮತ್ತೆ ಬಂದ. ಕೊಂಡಿ ನೋಡಿದ, ಪಕ್ಕೆಲುಬು ನೋಡಿದ, ಆಮೇಲೆ ಅವಳನ್ನು ಕೂರಿಸಿ ಐದೂ ಪಟ್ಟಿ ಹಾಕಿಸಿದ. ಅವನ ಕಿವಿ ಕೆಂಡದಂತಾಗಿತ್ತು, ಆದರೂ ಕಣ್ಣು ತಪ್ಪಿಸಲಿಲ್ಲ. "ಕೆಳಗಿಂದು ಸಡಿಲ ಇದೆ ಮೇಡಂ. ಇನ್ನೂ ಎಳೀರಿ. ಬಕಲ್ ಮೇಲಕ್ಕೆ ಬರ್ಬಾರ್ದು. ಇನ್ನೂ."

"ಈಗ ನೋಡು ಪಾಠ ಸರಿಯಾಗಿ ಒಪ್ಪಿಸ್ತಿದೀಯ," ಎಂದಳು ಲವೋನ್.

ಹೊಸ ವಿಮಾನವನ್ನು ಮೊದಲ ನಲವತ್ತು ಗಂಟೆ ಒಬ್ಬರೇ ಹಾರಿಸಿ ಪರೀಕ್ಷಿಸಬೇಕು, ಜೊತೆಗೆ ಯಾರನ್ನೂ ಕೂರಿಸುವಂತಿಲ್ಲ ಎಂಬ ಕಾನೂನಿದೆ. ಬೇಸಿಗೆಯೆಲ್ಲ ಡೆಲ್ಮರ್ ಹಾರಿದ; ಲವೋನ್ ಹುಲ್ಲಿನಂಚಿನಲ್ಲಿ ಕುರ್ಚಿ ಹಾಕಿಕೊಂಡು ಕುತ್ತಿಗೆ ನೋಯುವ ತನಕ ಮೇಲೆ ನೋಡಿದಳು. ವಿಮಾನದ ಬೆಳ್ಳಿ ಬಣ್ಣದ ಹೊಟ್ಟೆ ಬಿಸಿಲಿಗೆ ಹೊಳೆದಾಗೆಲ್ಲ ಎದೆ ಉಬ್ಬಿ ಬರುತ್ತಿತ್ತು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ "ನಂದು" ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳಂತೆ.

ಅವಳ ದಿನ ಬಂದಾಗ ಶನಿವಾರದವರೆಲ್ಲ ಒಲೆ ಆರಿಸಿ ಹೊರಗೆ ನಿಂತಿದ್ದರು. ಲವೋನ್ ಪ್ಯಾಂಟು ತೊಟ್ಟು ಬಂದು, ಬಲ ಸೀಟಿಗೆ ಹತ್ತಿ, ಎಲ್ಲರೂ ನೋಡುತ್ತಿದ್ದಂತೆಯೇ ಐದನೆಯದನ್ನು ಕೆಳಗಿನಿಂದ ಎಳೆದು ಟಕ್ಕೆಂದು ಬಕಲಿಗೆ ಸೇರಿಸಿದಳು. ಹೊಲ, ಕೊಟ್ಟಿಗೆಗಳ ಮೇಲೆ ಹಾದು, ಹಳ್ಳದ ತಿರುವಿನವರೆಗೆ ಹೋಗಿ ಅವರು ತಿರುಗಿ ಬರುವಷ್ಟರಲ್ಲಿ ಅಡ್ಡಗಾಳಿ ಎದ್ದಿತ್ತು. ಡೆಲ್ಮರ್ ಹೆಂಡತಿಯ ಮುಂದೆ ನಯವಾಗಿ ಇಳಿಸಬೇಕೆಂದು ಹೊರಟು, ಎಲ್ಲ ಗಂಡಸರಂತೆ ಕೆಡಿಸಿಕೊಂಡ. ಚಕ್ರ ನೆಲಕ್ಕೆ ಬಡಿದು ಪುಟಿಯಿತು, ಮತ್ತೆ ಬಡಿಯಿತು, ವಿಮಾನ ಒಂದು ಪಕ್ಕಕ್ಕೆ ಓಲಿ ನೆಟ್ಟಗಾಯಿತು.

ಎಂಜಿನ್ ನಿಂತು, ಮೂತಿಯ ಪಂಖ ನಿಲ್ಲುತ್ತಲೇ ಗೇಲನ್ ಮತ್ತು ಬಡ್ ಓಡಿದರು. ಗೇಲನ್ ಗಾಜಿನ ಮುಚ್ಚಳ ಎತ್ತಿ, "ಮೇಡಂ, ಪೆಟ್ಟಾಯ್ತಾ? ಬನ್ನಿ, ಇಳಿಸ್ತೀನಿ," ಎಂದು ಕೈ ಚಾಚಿದ. ಡೆಲ್ಮರನ ಮುಖ ಬಿಳಿಚಿಕೊಂಡಿತ್ತು. ಇನ್ನೆಂದೂ ಇವಳು ಹತ್ತುವುದಿಲ್ಲ ಎಂದು ಅವನ ಮುಖದಲ್ಲೇ ಬರೆದಿತ್ತು.

ಲವೋನ್ ಸೀಟಿನಿಂದ ಒಂದು ಬೆರಳಷ್ಟೂ ಜಾರಿರಲಿಲ್ಲ. ಬಕಲಿನ ಮೇಲೆ ಕೈಯಿಟ್ಟಿದ್ದಳು, ಆದರೆ ಬಿಚ್ಚಲಿಲ್ಲ.

"ಡೆಲ್, ಪೆಟ್ರೋಲ್ ಎಷ್ಟಿದೆ?"

"ಅರ್ಧಕ್ಕಿಂತ ಜಾಸ್ತೀನೇ ಇದೆ. ಯಾಕೆ?"

"ಯಾಕೆ ಅಂತ ಕೇಳ್ತಾನೆ ನೋಡು! ಹಳ್ಳದ ಆ ಕಡೆ ನಾನಿನ್ನೂ ನೋಡೇ ಇಲ್ಲ. ಗೇಲನ್, ಮುಚ್ಚಳ ಹಾಕಪ್ಪ, ಧೂಳು ಬರುತ್ತೆ."

ಗೇಲನ್ ಮುಚ್ಚಳ ಹಾಕಿ, ಬಡ್‌ನ ತೋಳು ಹಿಡಿದು ಹುಲ್ಲಿನಂಚಿಗೆ ಸರಿದ. ಡೆಲ್ಮರ್ ಎಂಜಿನ್ ಚಾಲೂ ಮಾಡಿದ.